‘ನಂಬರ್ ದ ಸ್ಟಾರ್ಸ್’: ಪದಗಳನ್ನೂ ತಂತ್ರಗಳನ್ನೂ ಒಟ್ಟಿಗೆ ಓದಿಸಿದ ಬಗೆ

ಏಳನೆಯ ತರಗತಿಯ ಮಕ್ಕಳೊಂದಿಗೆ ಲೋಯಿಸ್ ಲೌರಿಯವರ ‘ನಂಬರ್ ದ ಸ್ಟಾರ್ಸ್’ (1989) ಕಾದಂಬರಿಯನ್ನು ಓದುವಾಗ, ಕಠಿಣ ಪದಗಳ ಪಟ್ಟಿಗೆ ಒಂದು ಪಾಠ, ಸಾಹಿತ್ಯಕ ತಂತ್ರಗಳಿಗೆ ಇನ್ನೊಂದು ಪಾಠ ಎಂದು ವಿಂಗಡಿಸುವ ರೂಢಿಯನ್ನು ನಾನು ಅನುಸರಿಸುವುದಿಲ್ಲ. ಯಾರು ಯಾರಿಂದ ಏನನ್ನು ಬಚ್ಚಿಡುತ್ತಿದ್ದಾರೆ ಎಂಬ ಪ್ರಶ್ನೆಯ ಮೇಲೆಯೇ ಈ ಕಥೆ ನಿಂತಿರುವುದರಿಂದ, ಎರಡನ್ನೂ ಆ ಪ್ರಶ್ನೆಯ ಮೂಲಕವೇ ಕಲಿಸುತ್ತೇನೆ.

ಹಿನ್ನೆಲೆಯನ್ನು ಸ್ವಲ್ಪದರಲ್ಲೇ ಹೇಳಿ ಮುಗಿಸುತ್ತೇನೆ: ಜರ್ಮನಿ ಡೆನ್ಮಾರ್ಕನ್ನು ಆಕ್ರಮಿಸಿದ್ದು 1940ರ ಏಪ್ರಿಲ್ 9ರಂದು, ಕಥೆ ನಡೆಯುವುದು 1943ರಲ್ಲಿ, ಕೋಪನ್‌ಹೇಗನ್‌ನಲ್ಲಿ, ಕಥಾನಾಯಕಿ ಹತ್ತು ವರ್ಷದ ಆ್ಯನ್ಮರೀ, ಅವಳ ಗೆಳತಿ ಯಹೂದಿ ಹುಡುಗಿ ಎಲೆನ್; ಯಹೂದಿಗಳನ್ನು ಬಚ್ಚಿಟ್ಟು ದೋಣಿಯಲ್ಲಿ ಸ್ವೀಡನ್ನಿಗೆ ದಾಟಿಸುವುದೇ ಕಥೆಯ ಎಳೆ. ಡೆನ್ಮಾರ್ಕಿನ ಯಹೂದಿಗಳು ಹಳದಿ ನಕ್ಷತ್ರ ಧರಿಸಬೇಕೆಂಬ ಆಜ್ಞೆ ಅಲ್ಲಿ ಜಾರಿಗೆ ಬರಲೇ ಇಲ್ಲ ಎಂಬುದನ್ನು ಮಾತ್ರ ಒತ್ತಿ ಹೇಳುತ್ತೇನೆ, ಏಕೆಂದರೆ ಚಿತ್ರಗಳಲ್ಲಿ ಆ ನಕ್ಷತ್ರವನ್ನು ಕಂಡಿರುವ ಮಕ್ಕಳು ಅದನ್ನು ಇಲ್ಲಿಯೂ ನಿರೀಕ್ಷಿಸುತ್ತಾರೆ.

ಹೊಸ ಪದವೊಂದು ಸಿಕ್ಕಾಗ ಅದರ ಅರ್ಥದ ಜೊತೆಗೆ, ಅದನ್ನು ಆಡಿದವರು ಯಾರು, ಕೇಳಿಸಿಕೊಂಡವರು ಯಾರು, ಅವರಿಬ್ಬರಲ್ಲಿ ಹೆಚ್ಚು ತಿಳಿದವರು ಯಾರು ಎಂಬುದನ್ನೂ ಮಕ್ಕಳು ಟಿಪ್ಪಣಿ ಪುಸ್ತಕದಲ್ಲಿ ಬರೆಯಬೇಕು. ‘ರಿಲೊಕೇಷನ್’ (ಸ್ಥಳಾಂತರ) ಎಂಬ ಪದ ಇದಕ್ಕೆ ತಕ್ಕ ಉದಾಹರಣೆ. ಯಹೂದಿಗಳನ್ನು ಬಂಧಿಸಿ ಒಯ್ಯುವುದಕ್ಕೆ ನಾಜಿಗಳು ಇಟ್ಟ ಹೆಸರದು. ಅದರ ಅರ್ಥವೇನೆಂದು ತಮಗೂ ಗೊತ್ತಿಲ್ಲವೆಂದು ಆ್ಯನ್ಮರೀಯ ತಂದೆಯೇ ಹೇಳುತ್ತಾನೆ. ಸೌಮ್ಯೋಕ್ತಿ, ಅಂದರೆ ಕಟುವಾದುದನ್ನು ಮೃದುವಾದ ಮಾತಿನಲ್ಲಿ ಮರೆಮಾಚುವುದು, ಎಂದರೇನೆಂದು ನಾನು ಪ್ರತ್ಯೇಕವಾಗಿ ವಿವರಿಸಬೇಕಾಗುವುದಿಲ್ಲ.

ನಾಟಕೀಯ ವ್ಯಂಗ್ಯವನ್ನು ತೋರಿಸಲು ಆ್ಯನ್ಮರೀಯ ಪುಟ್ಟ ತಂಗಿ ಕರ್ಸ್ಟಿ ಸಾಕು. 1943ರ ಆಗಸ್ಟ್ 29ರಂದು ಡೆನ್ಮಾರ್ಕಿನ ನೌಕಾಪಡೆ ತನ್ನ ಹಡಗುಗಳು ಜರ್ಮನ್ನರ ಕೈಸೇರದಿರಲೆಂದು ಅವುಗಳನ್ನು ತಾನೇ ಮುಳುಗಿಸಿತು; ಆ ಬೆಂಕಿ ಮತ್ತು ಸ್ಫೋಟಗಳು ತನ್ನ ಹುಟ್ಟುಹಬ್ಬಕ್ಕಾಗಿ ಸಿಡಿಸಿದ ಬಾಣಬಿರುಸುಗಳೆಂದು ಕರ್ಸ್ಟಿ ನಂಬಿಕೊಂಡಿದ್ದಾಳೆ. ಓದುಗರಿಗೆ ತಿಳಿದದ್ದು ಪಾತ್ರಕ್ಕೆ ತಿಳಿದಿಲ್ಲ. ಮುಂದೆ ಶವಪೆಟ್ಟಿಗೆಯ ಅಧ್ಯಾಯದಲ್ಲಿ ಇದೇ ತಂತ್ರ ಗಂಭೀರವಾಗುತ್ತದೆ: ಇಲ್ಲದ ಅಜ್ಜಿಯೊಬ್ಬಳು ಟೈಫಸ್‌ನಿಂದ ಸತ್ತಳೆಂದು ತಾಯಿ ಜರ್ಮನ್ ಅಧಿಕಾರಿಗೆ ಹೇಳುವಾಗ, ಅದು ಸುಳ್ಳೆಂದು ಆ್ಯನ್ಮರೀಗೂ ಗೊತ್ತು, ನಮಗೂ ಗೊತ್ತು, ಗೊತ್ತಿಲ್ಲದಿರುವುದು ಅಧಿಕಾರಿಗೆ ಮಾತ್ರ. ಟೈಫಸ್ ಒಂದು ಸಾಂಕ್ರಾಮಿಕ ಜ್ವರ ಎಂಬ ಅರ್ಥ ತಿಳಿಯದ ಮಗುವಿಗೆ, ಪೆಟ್ಟಿಗೆಯ ಮುಚ್ಚಳವನ್ನು ಜರ್ಮನ್ನರೇಕೆ ತೆರೆಯಲಿಲ್ಲ ಎಂಬುದೇ ತಿಳಿಯದು. ಎಲ್ಲವನ್ನೂ ತಿಳಿಯದಿದ್ದಾಗ ಧೈರ್ಯವಾಗಿರುವುದು ಸುಲಭ ಎಂದು ಆ್ಯನ್ಮರೀಯ ಸೋದರಮಾವ ಹೆನ್ರಿಕ್ ಅದಕ್ಕೂ ಮೊದಲೇ ಹೇಳಿರುತ್ತಾನೆ. ಆ ಮಾತನ್ನು ಇಲ್ಲಿ ಮತ್ತೊಮ್ಮೆ ಓದಿಸಿದಾಗ ತರಗತಿಯಲ್ಲಿ ವಾದವೇ ಏಳುತ್ತದೆ. ಅದನ್ನು ನಾನು ತಡೆಯುವುದಿಲ್ಲ.

ಮುನ್ಸೂಚನೆಗೆ ಮೊದಲ ಅಧ್ಯಾಯವನ್ನೇ ಬಳಸುತ್ತೇನೆ. ಶಾಲೆಯಿಂದ ಮನೆಗೆ ಪಂದ್ಯ ಕಟ್ಟಿ ಓಡುತ್ತಿದ್ದ ಹುಡುಗಿಯರನ್ನು ಸೈನಿಕರು ತಡೆದು, ಏಕೆ ಓಡುತ್ತಿದ್ದೀರಿ ಎಂದು ಕೇಳುತ್ತಾರೆ. ಕೊನೆಗೆ ಅದೇ ಆ್ಯನ್ಮರೀ ಬೆಳಗಾಗುವ ಮುನ್ನ ಕಾಡಿನ ಹಾದಿಯಲ್ಲಿ ಪೊಟ್ಟಣವೊಂದನ್ನು ಬುಟ್ಟಿಯಲ್ಲಿಟ್ಟುಕೊಂಡು ಮಾವನ ದೋಣಿಯ ಕಡೆಗೆ ಓಡುತ್ತಾಳೆ. ಮತ್ತೆ ಸೈನಿಕರು, ಈ ಸಲ ನಾಯಿಗಳೊಂದಿಗೆ. ಓಡುತ್ತಾ ಅವಳು ಕೆಂಪು ಟೋಪಿಯ ಹುಡುಗಿ ಮತ್ತು ತೋಳದ ಕಥೆಯನ್ನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾಳೆ, ಸಿಕ್ಕಿಬಿದ್ದಾಗ ಕರ್ಸ್ಟಿಯಂತೆ ಪೆದ್ದುಪೆದ್ದಾಗಿ ಮಾತನಾಡುತ್ತಾಳೆ. ಇಷ್ಟು ಅಚ್ಚುಕಟ್ಟಾದ ಹೆಣಿಗೆ ಮಕ್ಕಳ ಸಾಹಿತ್ಯದಲ್ಲಿ ಅಪರೂಪವೆಂದೇ ನನ್ನ ಅಭಿಪ್ರಾಯ. ಉಪಮೆಗಳನ್ನು ಹುಡುಕಿ ಅಡಿಗೆರೆ ಎಳೆಯುವ ಕೆಲಸವನ್ನು ಮನೆಗೆ ಕೊಟ್ಟುಬಿಡುತ್ತೇನೆ.

ಸಂಕೇತದ ಪಾಠಕ್ಕೆ ಎಲೆನ್‌ಳ ಸರವಿದೆ; ಅದರಲ್ಲಿರುವುದು ಯಹೂದಿಗಳ ಗುರುತಾದ ಆರು ಮೂಲೆಯ ನಕ್ಷತ್ರ. ಸೈನಿಕರು ಒಳನುಗ್ಗುವ ಮೊದಲು ಆ್ಯನ್ಮರೀ ಅದನ್ನು ಕಿತ್ತು ಮುಷ್ಟಿಯಲ್ಲಿ ಹಿಡಿಯುತ್ತಾಳೆ. ಬಿಡಿಸಿದಾಗ ಅಂಗೈಯಲ್ಲಿ ನಕ್ಷತ್ರದ ಅಚ್ಚು ಮೂಡಿರುತ್ತದೆ.

ಪೊಟ್ಟಣದಲ್ಲಿದ್ದ ಕರವಸ್ತ್ರ ಲೇಖಕಿಯ ಕಲ್ಪನೆಯೆಂದು ಮಕ್ಕಳು ಸಾಮಾನ್ಯವಾಗಿ ಭಾವಿಸುತ್ತಾರೆ. ಮೊಲದ ಒಣಗಿದ ರಕ್ತವನ್ನೂ ಕೊಕೇನನ್ನೂ ಲೇಪಿಸಿ ನಾಯಿಗಳ ಘ್ರಾಣಶಕ್ತಿಯನ್ನು ಮಂಕಾಗಿಸುವ ಇಂಥ ಬಟ್ಟೆಗಳನ್ನು ನಿಜವಾಗಿಯೂ ಬಳಸಲಾಗಿತ್ತೆಂದು ಲೇಖಕಿ ಹಿನ್ನುಡಿಯಲ್ಲಿ ತಿಳಿಸುತ್ತಾರೆ. ಆ ಹಿನ್ನುಡಿಯನ್ನು ಕಥೆ ಮುಗಿಯುವವರೆಗೆ ತೆರೆಯಬಾರದೆಂಬುದು ನನ್ನ ಕಟ್ಟುನಿಟ್ಟಿನ ನಿಯಮ, ಏಕೆಂದರೆ ಪೊಟ್ಟಣದಲ್ಲಿ ಏನಿದೆಯೆಂದು ಆ್ಯನ್ಮರೀಗೆ ತಿಳಿಯದಿರುವಷ್ಟು ಕಾಲ ಓದುಗರಿಗೂ ಅದು ತಿಳಿದಿರಬಾರದು.