ಮೈಲೋಮಾ ಹತೋಟಿಗೆ ಬಂದ ಮೇಲಿನ ಗುಳಿಗೆ: ಮನೆಯಲ್ಲಿ ನೋಡಿಕೊಳ್ಳುವುದು ಹೇಗೆ

ಮೈಲೋಮಾ ಅಂದರೆ ಮೂಳೆಮಜ್ಜೆಯಲ್ಲಿ ಶುರುವಾಗುವ ರಕ್ತದ ಕ್ಯಾನ್ಸರ್. ಅದಕ್ಕೆ ಸ್ಟೆಮ್ ಸೆಲ್ ಟ್ರಾನ್ಸ್‌ಪ್ಲಾಂಟ್ (ರಕ್ತ ಹುಟ್ಟಿಸುವ ಕಣಗಳನ್ನು ದೇಹಕ್ಕೆ ಸೇರಿಸುವ ಚಿಕಿತ್ಸೆ) ಮುಗಿದು ರಿಪೋರ್ಟ್ ಚೆನ್ನಾಗಿ ಬಂದಾಗ ನಮ್ಮ ಮಾವನವರು ಕೇಳಿದ್ದು, "ಆರಾಮ ಅದೀನಲ್ಲಾ, ಮತ್ಯಾಕವ್ವಾ ಗುಳಿಗಿ?" ಬೆಟಗೇರಿಯಲ್ಲಿ ಜೀವನಪೂರ್ತಿ ಸೀರೆ ನೇಯ್ದವರು ಅವರು. ಸುಮ್ನೆ ನುಂಗಿ ಅಂದರೆ ಒಪ್ಪುವವರಲ್ಲ. ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಬಂದರೆ ಲೆಕ್ಕ ಹೇಳಿ.

ಮೂರು ಅಧ್ಯಯನಗಳ 1208 ರೋಗಿಗಳ ಮಾಹಿತಿ ಸೇರಿಸಿ 2017ರಲ್ಲಿ ವರದಿ ಬಂತು. ಟ್ರಾನ್ಸ್‌ಪ್ಲಾಂಟ್ ನಂತರ ಲೆನಾಲಿಡೊಮೈಡ್ (ರೋಗವನ್ನು ಹತೋಟಿಯಲ್ಲಿಡಲು ಕೊಡುವ ಈ ಗುಳಿಗೆ) ತೆಗೆದುಕೊಂಡವರಲ್ಲಿ ಅರ್ಧದಷ್ಟು ಜನರಿಗೆ ಸುಮಾರು 53 ತಿಂಗಳು ರೋಗ ಹೆಚ್ಚಾಗಲಿಲ್ಲ. ತೆಗೆದುಕೊಳ್ಳದವರಲ್ಲಿ ಅದು ಸುಮಾರು 24 ತಿಂಗಳು. ಏಳು ವರ್ಷದ ನಂತರ ಬದುಕಿದ್ದವರು 62%, ಗುಳಿಗೆ ಇಲ್ಲದವರಲ್ಲಿ 50%. ಬೇರೆ ಕ್ಯಾನ್ಸರ್ ಬರುವ ಅಪಾಯ ಸ್ವಲ್ಪ ಜಾಸ್ತಿ ಆಗುತ್ತದೆ, ಅದನ್ನೂ ಮುಚ್ಚಿಡಬೇಡಿ. ರೋಗದ ಅಪಾಯ ಹೆಚ್ಚಿರುವ ಕೆಲವರಿಗೆ ಡಾಕ್ಟರು ಬೋರ್ಟೆಜೊಮಿಬ್ ಇಂಜೆಕ್ಷನ್ನನ್ನೂ ಹೇಳಬಹುದು.

ನಮ್ಮಲ್ಲಿ 21 ದಿನ ಗುಳಿಗೆ, 7 ದಿನ ಬಿಡುವು. ಕೆಲವರಿಗೆ ದಿನಾಲೂ ಇರುತ್ತದೆ, ನಿಮ್ಮ ಚೀಟಿಯಲ್ಲಿ ಬರೆದದ್ದೇ ಸರಿ. ನುಂಗಿದ ದಿನ ಗೋಡೆಯ ಕ್ಯಾಲೆಂಡರ್ ಮೇಲೆ ಗೆರೆ ಎಳೆಯಿರಿ. ಬಿಡುವಿನ ವಾರದಲ್ಲೇ ರಕ್ತ ಪರೀಕ್ಷೆ ಮಾಡಿಸಿ, ಮುಂದಿನ ಗುಳಿಗೆ ತಂದಿಡಿ. ಮರೆತು 12 ಗಂಟೆ ದಾಟಿದ್ದರೆ ಆ ದಿನದ್ದು ಬಿಡಿ. ಮರುದಿನ ಎರಡು ನುಂಗಬಾರದು.

ಕ್ಯಾಪ್ಸೂಲ್ ಬಿಚ್ಚಬೇಡಿ, ಅಗಿಯಲೂ ಬಾರದು. ಇದು ಥಾಲಿಡೊಮೈಡ್ ಜಾತಿಯ ಔಷಧಿ, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಮನೆಯಲ್ಲಿ ಬಸುರಿ ಹೆಣ್ಣುಮಕ್ಕಳಿದ್ದರೆ ಅವರು ಇದನ್ನು ಮುಟ್ಟದಿರಲಿ. ಗುಳಿಗೆ ತೆಗೆದುಕೊಳ್ಳುವವರು ರಕ್ತದಾನವನ್ನೂ ಮಾಡಬಾರದು.

ರಕ್ತದ ವರದಿಯಲ್ಲಿ ನಾನು ಮೊದಲು ನೋಡುವುದು ನ್ಯೂಟ್ರೋಫಿಲ್, ಅಂದರೆ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣ. ಅದು ತುಂಬಾ ಕೆಳಗಿಳಿದರೆ ಸಾಮಾನ್ಯವಾಗಿ ಗುಳಿಗೆಯನ್ನು ಸ್ವಲ್ಪ ದಿನ ನಿಲ್ಲಿಸುತ್ತಾರೆ, ಆಮೇಲೆ ಡೋಸ್ ಇಳಿಸಬಹುದು. ಆ ತೀರ್ಮಾನ ಡಾಕ್ಟರದ್ದು. ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯೇಟಿನಿನ್ ಏರಿದರೂ ಡೋಸ್ ಬದಲಾಗುತ್ತದೆ. ಜ್ವರ 100.4 ಡಿಗ್ರಿ ದಾಟಿದರೆ ಬೆಳಗಾಗಲಿ ಎಂದು ಕಾಯಬೇಡಿ, ಆಸ್ಪತ್ರೆಗೆ ಫೋನ್ ಮಾಡಿ ಹೊರಡಿ. ಒಂದೇ ಕಾಲು ಊದಿದರೆ, ಏದುಸಿರು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು. ಅದಕ್ಕೇ ಹಲವರಿಗೆ ಆಸ್ಪಿರಿನ್ ಕೊಡುತ್ತಾರೆ, ಅದನ್ನು ತಪ್ಪಿಸಬೇಡಿ.

ನನಗೆ ಹೆಚ್ಚು ಚಿಂತೆ ಬೆನ್ನುನೋವಿನದ್ದು. ಮಗ್ಗದ ಮುಂದೆ ಕೂತವರಿಗೆ ಅದು ಹೊಸದಲ್ಲ ಅಂತ ಓಣಿಯವರು ಅಂಗಡಿಯ ನೋವಿನ ಗುಳಿಗೆ ತಂದುಕೊಡುತ್ತಾರೆ. ಡೈಕ್ಲೊಫೆನಾಕ್, ಐಬುಪ್ರೊಫೆನ್ ಕಿಡ್ನಿಗೆ ಪೆಟ್ಟು ಕೊಡುತ್ತವೆ. ಮೈಲೋಮಾ ಇರುವವರ ಕಿಡ್ನಿ ಮೊದಲೇ ಸೂಕ್ಷ್ಮ. ನೋವು ಹೊಸದಾಗಿದ್ದರೆ ಗುಳಿಗೆ ಹುಡುಕುವ ಮೊದಲು ಡಾಕ್ಟರಿಗೆ ತಿಳಿಸಿ, ಮೂಳೆಯಲ್ಲಿ ರೋಗ ಮರಳಿರಬಹುದು. ಡಾಕ್ಟರು ಬೇಡ ಎನ್ನದಿದ್ದರೆ ನೀರು ಚೆನ್ನಾಗಿ ಕುಡಿಸಿ. ಗದಗಿನ ಬಿಸಿಲಿನಲ್ಲಿ ಕೇಳಬೇಕೇ!

ತಿಂಗಳುಗಳು ಕಳೆದ ಮೇಲೆ ಭೇದಿ ಶುರುವಾಗಬಹುದು. ಹಿರಿಯರು ಸಂಕೋಚಕ್ಕೆ ಬಾಯಿ ಬಿಡುವುದಿಲ್ಲ, ಗುಳಿಗೆಯನ್ನೇ ಬಿಟ್ಟುಬಿಡುತ್ತಾರೆ. ನೀವಾಗಿಯೇ ಕೇಳಿ. ಪಿತ್ತರಸ ಹೀರಿಕೊಳ್ಳುವ ಪುಡಿಯಿಂದ ಹಲವರಿಗೆ ಅದು ಕಡಿಮೆಯಾಗುತ್ತದೆ, ಚೀಟಿ ಡಾಕ್ಟರು ಬರೆದುಕೊಡುತ್ತಾರೆ.