ಕರೆಂಟ್ ಹೋದ ಮೇಲೆ ಐಎಲ್‌ಆರ್ ಎಷ್ಟು ತಾಸು? ಪಿಎಚ್‌ಸಿಯಲ್ಲಿ ಲಸಿಕೆ ಕಾಯುವ ಕ್ರಮ

ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ (ಪಿಎಚ್‌ಸಿ) ಲಸಿಕೆ ಇಡುವ, ಗೋಡೆಯೊಳಗೆ ಐಸ್ ಪದರವಿರುವ ಫ್ರಿಜ್ಜೇ ಐಎಲ್‌ಆರ್. ಅದು ಎಷ್ಟು ಲೀಟರ್‌ನದು ಎಂದು ಕೇಳಿದರೆ ಥಟ್ಟನೆ ಉತ್ತರ ಸಿಗುತ್ತದೆ. ಕರೆಂಟ್ ಹೋದ ಮೇಲೆ ಅದು ಎಷ್ಟು ತಾಸು 8 ಡಿಗ್ರಿಯೊಳಗೆ ನಿಲ್ಲುತ್ತದೆ ಎಂಬುದನ್ನೂ ಅಷ್ಟೇ ಖಚಿತವಾಗಿ ಹೇಳುವಂತಿರಬೇಕು. ರೋಣ, ಮುಂಡರಗಿ ಕಡೆಯ ಏಪ್ರಿಲ್ ಬಿಸಿಲಿನಲ್ಲಿ, ಗಾಳಿ-ಮಳೆಗೆ ಕಂಬ ಉರುಳಿ ಹಾನಗಲ್ಲಿನ ಹಳ್ಳಿ ಕತ್ತಲಾದ ರಾತ್ರಿಯಲ್ಲಿ ಲಸಿಕೆ ಉಳಿಯುವುದು ಆ ತಾಸುಗಳ ಮೇಲೆ.

ಐಎಲ್‌ಆರ್ ಗೋಡೆಯೊಳಗಿನ ಐಸ್ ಪದರಕ್ಕೆ ದಿನಕ್ಕೆ 8 ತಾಸು ಸತತ ವಿದ್ಯುತ್ ಸಿಕ್ಕರೆ ಉಳಿದ ಹೊತ್ತು ಅದೇ ತಂಪು ಕಾಯುತ್ತದೆ. ಅದೇ 8 ತಾಸು ತುಂಡು ತುಂಡಾಗಿ ಬಂದರೆ ಪದರ ಗಟ್ಟಿಯಾಗುವುದಿಲ್ಲ. ಹಾಗಾಗಿ ಕಂಪನಿ ಕೊಟ್ಟ ಅಂಕಿ ನಂಬಿ ಕೂರದೆ ನಿಮ್ಮದೇ ಯಂತ್ರದ ಲೆಕ್ಕ ತೆಗೆಯಿರಿ. ಇದಕ್ಕಾಗಿ ಸ್ವಿಚ್ ಆರಿಸಿ ನೋಡಬೇಕಾಗಿಲ್ಲ. ಉಷ್ಣಾಂಶವನ್ನು ತಾನೇ ದಾಖಲಿಸುವ ಇ-ವಿನ್ ಲಾಗರ್‌ನ ಹಳೆಯ ಗ್ರಾಫ್‌ನಲ್ಲಿ ಬೇಸಿಗೆಯ ದೊಡ್ಡ ಕರೆಂಟ್ ಕಡಿತ ಹುಡುಕಿ, ಕರೆಂಟ್ ಹೋದ ಗಳಿಗೆಯಿಂದ 8 ಡಿಗ್ರಿ ಮುಟ್ಟುವವರೆಗಿನ ತಾಸು ಎಣಿಸಿ. ಎರಡು-ಮೂರು ಕಡಿತಗಳಲ್ಲಿ ಸಿಕ್ಕ ಅತಿ ಕಡಿಮೆ ಅಂಕಿಯನ್ನು ಐಎಲ್‌ಆರ್ ಮುಚ್ಚಳದ ಮೇಲೆ ದೊಡ್ಡದಾಗಿ ಬರೆಯಿರಿ. ಕಳೆದ ವರ್ಷಕ್ಕಿಂತ ಅದು ಇಳಿದಿದ್ದರೆ ಮೊದಲು ಮುಚ್ಚಳದ ರಬ್ಬರ್ ನೋಡಿ: ಕಾಗದದ ಚೂರು ಇಟ್ಟು ಮುಚ್ಚಿ ಎಳೆಯಿರಿ, ಸಲೀಸಾಗಿ ಬಂದರೆ ಅಲ್ಲಿಂದಲೇ ತಂಪು ಸೋರುತ್ತಿದೆ. ಒಳಗೆ 5 ಮಿ.ಮೀ.ಗಿಂತ ದಪ್ಪ ಹಿಮ ಕಟ್ಟಿದ್ದರೆ ಲಸಿಕೆ ಬೇರೆಡೆಗೆ ಸಾಗಿಸಿ ಡಿಫ್ರಾಸ್ಟ್ ಮಾಡಿ, ಅಂದರೆ ಹಿಮ ಕರಗಿಸಿ. ಚಾಕು, ಸ್ಕ್ರೂಡ್ರೈವರ್‌ನಿಂದ ಕೆತ್ತಬೇಡಿ.

ಕರೆಂಟ್ ಹೋದಾಗ ಮುಚ್ಚಳ ತೆಗೆಯದಿರುವುದೇ ಮೊದಲ ಕೆಲಸ. ಬರೆದಿಟ್ಟ ತಾಸುಗಳಲ್ಲಿ ಮುಕ್ಕಾಲು ಕಳೆಯಿತೆಂದರೆ ವಿದ್ಯುತ್ ಕಂಪನಿ ಹೆಸ್ಕಾಂನವರಿಂದ ದುರಸ್ತಿ ಯಾವಾಗ ಎಂದು ತಿಳಿದು, ಐಸ್ ಪ್ಯಾಕ್ ಜೋಡಿಸಿ ಲಸಿಕೆ ತಂಪಾಗಿಡುವ ಕೋಲ್ಡ್ ಬಾಕ್ಸ್ ಸಿದ್ಧಮಾಡಿ. 5 ಲೀಟರ್ ಬಾಕ್ಸ್‌ಗೆ ಸುಮಾರು 24, 20 ಲೀಟರ್ ಬಾಕ್ಸ್‌ಗೆ ಸುಮಾರು 50 ಐಸ್ ಪ್ಯಾಕ್ ಬೇಕು. ಹೆಚ್ಚಿನ ಕೇಂದ್ರಗಳು ಸಿಕ್ಕಿಬೀಳುವುದು ಇಲ್ಲೇ. ಲಸಿಕಾ ದಿನವಾದ ಗುರುವಾರ ಮುಂಜಾನೆ ಡೀಪ್ ಫ್ರೀಜರ್‌ನ ಪ್ಯಾಕ್‌ಗಳೆಲ್ಲ, ಲಸಿಕೆ ಒಯ್ಯುವ ಸಣ್ಣ ಪೆಟ್ಟಿಗೆಯಾದ ಕ್ಯಾರಿಯರ್‌ಗೆ ನಾಲ್ಕರಂತೆ ಹಳ್ಳಿಗೆ ಹೋಗಿ, ಸಂಜೆ ಕರಗಿ ಬರುತ್ತವೆ. ಅಂದೇ ರಾತ್ರಿ ಕರೆಂಟ್ ಕೈಕೊಟ್ಟರೆ ಬಾಕ್ಸ್‌ಗೆ ಹಾಕಲು ಒಂದೂ ಗಟ್ಟಿ ಪ್ಯಾಕ್ ಇರುವುದಿಲ್ಲ. ಒಂದು ಬಾಕ್ಸ್‌ಗೆ ಸಾಲುವಷ್ಟನ್ನು ಫ್ರೀಜರ್‌ನ ತಳದಲ್ಲಿ ಕೆಂಪು ಟೇಪ್ ಸುತ್ತಿ ಬೇರೆ ಇಡಿ, ಲಸಿಕಾ ದಿನಕ್ಕೆ ಅವನ್ನು ಮುಟ್ಟಲೇಬೇಡಿ.

ಲಸಿಕೆ ಎಲ್ಲಿಗೆ ಸಾಗಿಸುವುದು ಎಂಬುದನ್ನೂ ಮಳೆಗಾಲಕ್ಕೆ ಮೊದಲೇ ಗೊತ್ತುಮಾಡಿ. ನವಲಗುಂದ, ನರಗುಂದ ಭಾಗದಲ್ಲಿ ಬೆಣ್ಣಿಹಳ್ಳ ತುಂಬಿದರೆ ಹತ್ತಿರದ ಕೇಂದ್ರವೇ ದೂರವಾಗುತ್ತದೆ. ಹಳ್ಳದ ಈಚೆ ಬದಿಯಲ್ಲೇ ಒಂದು ಪರ್ಯಾಯ ಐಎಲ್‌ಆರ್ ಇರಲಿ.

ವೋಲ್ಟೇಜ್ ವಿಚಾರ. ಐಎಲ್‌ಆರ್‌ಗೊಂದು, ಡೀಪ್ ಫ್ರೀಜರ್‌ಗೊಂದು ಪ್ರತ್ಯೇಕ ಸ್ಟೆಬಿಲೈಸರ್ ಬೇಕು. ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಅರ್ಥಿಂಗ್ ಕಡ್ಡಾಯ. ತ್ರೀ ಫೇಸ್ ಬಂದು ಪಂಪ್‌ಸೆಟ್‌ಗಳೆಲ್ಲ ಒಮ್ಮೆಲೇ ಶುರುವಾದಾಗ ವೋಲ್ಟೇಜ್ ಎಷ್ಟಕ್ಕೆ ಇಳಿಯುತ್ತದೆಂದು ಮೀಟರ್ ಹಿಡಿದು ನೋಡಿ. 150ಕ್ಕಿಂತ ಕೆಳಗಿಳಿದರೆ 150-280ರ ಸಾಮಾನ್ಯ ಸ್ಟೆಬಿಲೈಸರ್ ಯಂತ್ರವನ್ನು ಆರಿಸಿಬಿಡುತ್ತದೆ. ಕರೆಂಟ್ ಇದ್ದೂ ಐಎಲ್‌ಆರ್ ಬೆಚ್ಚಗಾಗುವುದು ಹೀಗೆ. ಅಂಥಲ್ಲಿ 110 ಅಥವಾ 90ರಿಂದ ಶುರುವಾಗುವ ಸ್ಟೆಬಿಲೈಸರ್ ಕೇಳಿ ಪಡೆಯಿರಿ.

ಜೋಡಿಸುವಾಗ ಎಲ್ಲವೂ ಬುಟ್ಟಿಯಲ್ಲೇ ಇರಲಿ. ಪೋಲಿಯೊ ಹನಿ, ಬಿಸಿಜಿ (ಕ್ಷಯ), ಎಂಆರ್ (ದಡಾರ-ರುಬೆಲ್ಲಾ) ಕೆಳಗೆ. ಹೆಪ್ಪುಗಟ್ಟಿದರೆ ಕೆಡುವ ಹೆಪಟೈಟಿಸ್ ಬಿ, ಪೆಂಟಾ (ಐದು ರೋಗಗಳದು), ಟಿಡಿ (ಧನುರ್ವಾಯು-ಡಿಫ್ತೀರಿಯಾ), ಪಿಸಿವಿ (ನ್ಯುಮೋಕಾಕಲ್) ಮೇಲೆ. ಪೆಟ್ಟಿಗೆಗಳ ನಡುವೆ ಗಾಳಿ ಆಡಲು ಸಂದು ಬಿಡಿ. ಪಲ್ಸ್ ಪೋಲಿಯೊ ಬಂದಾಗ ಹೊಸ ಪೆಟ್ಟಿಗೆಗಳ ಉದ್ದ, ಅಗಲ, ಎತ್ತರವನ್ನು ಸೆಂ.ಮೀ.ನಲ್ಲಿ ಗುಣಿಸಿ 1000ದಿಂದ ಭಾಗಿಸಿದರೆ ಎಷ್ಟು ಲೀಟರ್ ಜಾಗ ಬೇಕೆಂದು ಗೊತ್ತಾಗುತ್ತದೆ. ಹಿಡಿಸದಿದ್ದರೆ ಎರಡು ಸಲ ತರಿಸಿ, ತುರುಕಬೇಡಿ. ಉಷ್ಣಾಂಶ ದಿನಕ್ಕೆ ಎರಡು ಸಲ ಬರೆಯಬೇಕು, ರವಿವಾರವೂ.

ಬಿಸಿಲಿನ ಊರವರಿಗೆ ಶಾಖದ ಭಯ ಸಹಜ. ಆದರೆ ಸದ್ದಿಲ್ಲದೆ ಲಸಿಕೆ ಕೆಡಿಸುವುದು ಅತಿ ತಂಪು. ಬಾಟಲಿಯ ಮೇಲಿನ ಬಣ್ಣ ಬದಲಿಸುವ ಗುರುತಾದ ವಿವಿಎಂ ಶಾಖ ತಗುಲಿದ್ದನ್ನಷ್ಟೇ ತೋರಿಸುತ್ತದೆ, ಹೆಪ್ಪುಗಟ್ಟಿದ್ದನ್ನು ತೋರಿಸುವುದಿಲ್ಲ. ಹೆಪ್ಪುಗಟ್ಟಿ ಕರಗಿದ ಪೆಂಟಾ ಬಾಟಲಿಯ ವಿವಿಎಂ ಕೂಡ ಸರಿಯಾಗಿಯೇ ಕಾಣುತ್ತದೆ. ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕ್ ಶೂನ್ಯಕ್ಕಿಂತ ಎಷ್ಟೋ ಕೆಳಗಿರುತ್ತದೆ, ಹಾಗೆಯೇ ಕ್ಯಾರಿಯರ್‌ಗೆ ಹಾಕಿದರೆ ಪಕ್ಕದ ಬಾಟಲಿ ಕೆಟ್ಟಂತೆಯೇ. ಮೇಜಿನ ಮೇಲೆ ಒಂದೇ ಪದರದಲ್ಲಿ, ನಡುವೆ ಸಂದು ಬಿಟ್ಟು ಹರಡಿ. ಮೈ ಬೆವರಬೇಕು, ಕಿವಿಯ ಬಳಿ ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಕೇಳಬೇಕು. ಬೇಸಿಗೆಯಲ್ಲಿ ಇದು ಬೇಗ ಆಗುತ್ತದೆ, ಡಿಸೆಂಬರ್‌ನ ಧಾರವಾಡದಲ್ಲಿ ತಡ. ಗಡಿಯಾರ ನೋಡದೆ ಸದ್ದು ಕೇಳಿ. ಬಾಟಲಿಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ನಾಲ್ಕು ಪ್ಯಾಕ್‌ಗಳ ನಡುವೆ ಇಡಿ.

ಹೆಪ್ಪುಗಟ್ಟಿರಬಹುದೆಂಬ ಅನುಮಾನ ಬಂದರೆ ಅಲುಗಾಟದ ಪರೀಕ್ಷೆ ಮಾಡಿ. ಅದೇ ಕಂಪನಿಯ ಅದೇ ಬ್ಯಾಚ್‌ನ ಒಂದು ಬಾಟಲಿಯನ್ನು ರಾತ್ರಿ ಬೇಕೆಂದೇ ಹೆಪ್ಪುಗಟ್ಟಿಸಿ, ಮರುದಿನ ಕರಗಲು ಬಿಡಿ. ಅದನ್ನೂ ಅನುಮಾನದ ಬಾಟಲಿಯನ್ನೂ ಒಟ್ಟಿಗೆ 10-15 ಸೆಕೆಂಡು ಅಲುಗಾಡಿಸಿ, ಪಕ್ಕಪಕ್ಕ ನಿಲ್ಲಿಸಿ, ಅರ್ಧ ತಾಸಿನವರೆಗೆ ನೋಡಿ. ಅನುಮಾನದ ಬಾಟಲಿಯ ಗಸಿ ಹೆಪ್ಪುಗಟ್ಟಿಸಿದ ಬಾಟಲಿಯದಕ್ಕಿಂತ ನಿಧಾನವಾಗಿ ಕೂತರೆ ಬಳಸಬಹುದು. ಅಷ್ಟೇ ವೇಗದಲ್ಲಿ ಅಥವಾ ಇನ್ನೂ ಬೇಗ ತಳಕ್ಕಿಳಿದರೆ ಬೇಡ. ಅಲ್ಯುಮಿನಿಯಂ ಅಂಶವಿಲ್ಲದ ಐಪಿವಿಗೆ (ಪೋಲಿಯೊ ಚುಚ್ಚುಮದ್ದು) ಈ ಪರೀಕ್ಷೆ ನಡೆಯುವುದಿಲ್ಲ. ಪೆಂಟಾ, ಟಿಡಿಯಂಥ ಲಸಿಕೆ ಕಲ್ಲಿನಂತೆ ಗಟ್ಟಿಯಾಗಿದ್ದೇ ಕಂಡರೆ ಪರೀಕ್ಷೆಯೂ ಬೇಡ. ‘ಬಳಸಬಾರದು’ ಎಂದು ಬರೆದು ಅಂದೇ ಐಎಲ್‌ಆರ್‌ನಿಂದ ಹೊರಗಿಡಿ, ಪರೀಕ್ಷೆಗೆಂದು ಹೆಪ್ಪುಗಟ್ಟಿಸಿದ ಬಾಟಲಿಯನ್ನೂ ಸಹ.