ಆರ್ಥರ್ ಮಾರ್ಗನ್‌ನನ್ನು ನಾನು ಆಡಿದ ರೀತಿ

ಗೇಮುಗಳಲ್ಲಿ ನಿನಗೆ ತುಂಬಾ ಇಷ್ಟವಾದ ನಾಯಕ ಯಾರು ಅಂತ ಯಾರಾದರೂ ಕೇಳಿದರೆ ನಾನು ಯೋಚಿಸುವುದೇ ಇಲ್ಲ. ರೆಡ್ ಡೆಡ್ ರಿಡೆಂಪ್ಷನ್ 2ರ ಆರ್ಥರ್ ಮಾರ್ಗನ್. 2018ರ ಅಕ್ಟೋಬರ್‌ನಲ್ಲಿ ಪ್ಲೇಸ್ಟೇಷನ್ 4 ಮತ್ತು ಎಕ್ಸ್‌ಬಾಕ್ಸ್ ಒನ್‌ಗೆ ಬಂದ ಗೇಮು ಇದು. ಮರುವರ್ಷ ಪಿಸಿಗೂ ಬಂತು. ಕಥೆ ನಡೆಯುವುದು 1899ರ ಅಮೆರಿಕದಲ್ಲಿ. ಊರುಗಳು ಕಟ್ಟುಕಥೆಯವು, ಕಾಲ ಮಾತ್ರ ನಿಜದ್ದು. ರೈಲು ಎಲ್ಲ ಕಡೆ ಬಂದಾಗಿದೆ. ಕುದುರೆ ಏರಿ ದರೋಡೆ ಮಾಡುವವರ ಕಾಲ ಮುಗಿಯುತ್ತಿದೆ. ಅಂಥ ಒಂದು ಗ್ಯಾಂಗಿನ ಯಜಮಾನ ಡಚ್ ವ್ಯಾನ್ ಡರ್ ಲಿಂಡ್. ಅವನ ಬಲಗೈ ಆರ್ಥರ್. ಹುಡುಗನಾಗಿದ್ದಾಗಲೇ ಡಚ್ ಮತ್ತು ಅವನ ಹಳೆಯ ಜೊತೆಗಾರ ಹೊಸಿಯಾ ಸೇರಿ ಇವನನ್ನು ಸಾಕಿಕೊಂಡರು.

ಮುಂದೆ ಕಥೆಯನ್ನು ಕೊನೆಯವರೆಗೂ ಹೇಳುತ್ತೇನೆ. ಇನ್ನೂ ಆಡದೇ ಇರುವವರು ಆಡಿ ಮುಗಿಸಿ ಬಂದು ಓದಿದರೆ ಒಳ್ಳೆಯದು.

ನಾನು ಈ ಗೇಮನ್ನು ನಿಧಾನವಾಗಿ ಆಡಿದೆ. ಪರದೆಯ ಮೂಲೆಯಲ್ಲಿ ದಾರಿ ತೋರಿಸುವ ಮಿನಿಮ್ಯಾಪ್ ಆಫ್ ಮಾಡಿದೆ. ದಾರಿಯಲ್ಲಿ ಬೋರ್ಡುಗಳಿವೆ, ಅವನ್ನು ಓದಿಕೊಂಡು ಹೋದೆ. ಒಂದೇ ಸಲಕ್ಕೆ ದೂರದ ಊರಿಗೆ ಹಾರಿಸುವ ಫಾಸ್ಟ್ ಟ್ರಾವೆಲ್ ಮುಟ್ಟಲಿಲ್ಲ. ಮಿಷನ್ ಮುಗಿದ ಮೇಲೆ ಕ್ಯಾಂಪಿಗೆ ವಾಪಸ್ ಹೋಗಿ, ಬೆಂಕಿಯ ಸುತ್ತ ಕೂತವರ ಮಾತು ಕೇಳಿ, ಅಲ್ಲೇ ಮಲಗುತ್ತಿದ್ದೆ. ಆಮೇಲೆ ಆರ್ಥರ್‌ನ ಡೈರಿ ತೆಗೆಯುತ್ತಿದ್ದೆ. ಆ ಡೈರಿಯ ಬಗ್ಗೆ ಒಂದೆರಡು ಮಾತು ಹೇಳಲೇಬೇಕು. ಜನರ ಮುಂದೆ ಆರ್ಥರ್ ಒರಟ. ಮಾತು ಕಡಿಮೆ, ಬೈಗುಳ ಜಾಸ್ತಿ. ಡೈರಿಯಲ್ಲಿ ಮಾತ್ರ ಬೇರೆಯೇ ಮನುಷ್ಯ. ಕಂಡ ಹಕ್ಕಿ, ಗಿಡ, ಮುರಿದ ಮನೆ, ಎಲ್ಲವನ್ನೂ ಪೆನ್ಸಿಲಿನಲ್ಲಿ ಎಷ್ಟು ಚೆನ್ನಾಗಿ ಬಿಡಿಸುತ್ತಾನೆ! ಡಚ್ ಬಗ್ಗೆ ಬಾಯಲ್ಲಿ ಹೇಳದ ಅನುಮಾನವೂ ಅಲ್ಲಿ ಮೆಲ್ಲಗೆ ಕಾಣಿಸಿಕೊಳ್ಳುತ್ತದೆ. ಕನ್ನಡಿ ಮುಂದೆ ನಿಲ್ಲಿಸಿದರೆ ತನ್ನನ್ನೇ ಹಳಿದುಕೊಳ್ಳುತ್ತಾನೆ. ಇವೆರಡನ್ನೂ ನೋಡದೆ ಬರೀ ಮಿಷನ್ ಮೇಲೆ ಮಿಷನ್ ಮುಗಿಸಿದವರಿಗೆ ಅರ್ಧ ಆರ್ಥರ್ ಮಾತ್ರ ಸಿಕ್ಕಿರುತ್ತಾನೆ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಂಟ್ರೋಲರಿನಲ್ಲೂ ಒಂದು ವಿಶೇಷ ಇದೆ. ಎದುರಿಗೆ ಬಂದವರ ಕಡೆ ಗಮನ ಕೊಡಲು ಪ್ಲೇಸ್ಟೇಷನ್ ಕಂಟ್ರೋಲರಿನ ಎಲ್2 ಬಟನ್ ಒತ್ತಬೇಕು. ಆಮೇಲೆ ನಮಸ್ಕಾರ ಹೇಳಬಹುದು, ಕೆಣಕಬಹುದು. ಕೈಯಲ್ಲಿ ಬಂದೂಕು ಇದ್ದರೆ ಅದೇ ಎಲ್2 ಗುರಿ ಇಡುತ್ತದೆ. ಒಬ್ಬ ಮನುಷ್ಯನನ್ನು ಮಾತಾಡಿಸುವುದೂ ಅವನ ಎದೆಗೆ ಗುರಿ ಇಡುವುದೂ ಒಂದೇ ಬಟನ್. ದಾರಿಯಲ್ಲಿ ಸಿಕ್ಕ ಎಲ್ಲರಿಗೂ ನಮಸ್ಕಾರ ಹೇಳುತ್ತಾ ಹೋಗುವುದು ನನಗೆ ಅಭ್ಯಾಸವಾಯಿತು. ಅದರಿಂದ ಹಾನರ್, ಅಂದರೆ ಆರ್ಥರ್ ಎಷ್ಟು ಒಳ್ಳೆಯವನು ಅಂತ ಗೇಮು ಇಡುವ ಲೆಕ್ಕ, ಸ್ವಲ್ಪ ಸ್ವಲ್ಪ ಏರುತ್ತದೆ. ಪೂರ್ತಿ ಮೇಲಕ್ಕೆ ಹೋದರೆ ಅಂಗಡಿಗಳಲ್ಲಿ ಅರ್ಧ ಬೆಲೆಗೆ ಸಾಮಾನು ಸಿಗುತ್ತದೆ. ನನಗೆ ಆ ರಿಯಾಯಿತಿಗಿಂತ ಆರ್ಥರ್‌ನ ದನಿ ಮುಖ್ಯವಾಗಿತ್ತು. ಆ ದನಿ, ಆ ನಡಿಗೆ ಎರಡೂ ರೋಜರ್ ಕ್ಲಾರ್ಕ್ ಅನ್ನುವ ನಟರದ್ದು. 2018ರ ದಿ ಗೇಮ್ ಅವಾರ್ಡ್ಸ್‌ನಲ್ಲಿ ಅತ್ಯುತ್ತಮ ಅಭಿನಯದ ಪ್ರಶಸ್ತಿ ಅವರಿಗೇ ಬಂತು.

ಇಷ್ಟೆಲ್ಲ ಒಳ್ಳೆಯವನಾಗಿ ಆಡಿದರೂ ಒಂದು ಕೆಲಸ ತಪ್ಪಿಸಲು ಆಗುವುದಿಲ್ಲ. ಗ್ಯಾಂಗಿನ ಸ್ಟ್ರಾಸ್ ಬಡವರಿಗೆ ಬಡ್ಡಿಗೆ ಸಾಲ ಕೊಡುತ್ತಾನೆ, ಆರ್ಥರ್ ವಸೂಲಿ ಮಾಡುತ್ತಾನೆ. ಎರಡನೇ ಅಧ್ಯಾಯದಲ್ಲಿ ಥಾಮಸ್ ಡೌನ್ಸ್ ಅನ್ನುವ ರೈತನ ಹತ್ತಿರ ಹೋಗಬೇಕು. ಆತನನ್ನು ನಾವು ಮೊದಲೇ ನೋಡಿರುತ್ತೇವೆ. ವ್ಯಾಲೆಂಟೈನ್ ಊರಿನಲ್ಲಿ ಆರ್ಥರ್ ಒಬ್ಬನನ್ನು ಕೆಸರಲ್ಲಿ ಹಾಕಿ ಬಡಿಯುತ್ತಿದ್ದಾಗ, ಸಾಕು ಬಿಡಪ್ಪ ಅಂತ ಅಡ್ಡ ಬಂದು ತಡೆದವನು ಇವನೇ. ಈಗ ಅವನ ಮನೆ ಅಂಗಳದಲ್ಲಿ ಅವನನ್ನೇ ಹೊಡೆಯಬೇಕು. ಅದೂ ಸಿನಿಮಾ ಥರ ಸುಮ್ನೆ ನೋಡಿಕೊಂಡು ಕೂರುವ ಹಾಗಿಲ್ಲ. ಬಟನ್ ನಾವೇ ಒತ್ತಬೇಕು. ಡೌನ್ಸ್ ಕೆಮ್ಮುತ್ತಾನೆ, ರಕ್ತ ಆರ್ಥರ್‌ನ ಮುಖದ ಮೇಲೆ ಸಿಡಿಯುತ್ತದೆ. ಹೆಂಡತಿ, ಮಗ ಓಡಿ ಬರುತ್ತಾರೆ. ಆರ್ಥರ್ ಮುಖ ಒರೆಸಿಕೊಂಡು ಹೊರಡುತ್ತಾನೆ.

ಡೌನ್ಸ್‌ಗೆ ಇದ್ದದ್ದು ಕ್ಷಯ. ಎಷ್ಟೋ ಗಂಟೆ ಆಡಿದ ಮೇಲೆ ಸೇಂಟ್ ಡೆನಿಸ್ ನಗರದ ಬೀದಿಯಲ್ಲಿ ಆರ್ಥರ್ ಕುಸಿದು ಬೀಳುತ್ತಾನೆ. ಡಾಕ್ಟರು ನೋಡಿ ಟಿಬಿ ಅನ್ನುತ್ತಾರೆ. 1882ರಲ್ಲೇ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದಾಗಿತ್ತು. ಅದನ್ನು ಕೊಲ್ಲುವ ಮೊದಲ ಔಷಧ ಸ್ಟ್ರೆಪ್ಟೊಮೈಸಿನ್ ಸಿಕ್ಕಿದ್ದು 1943ರಲ್ಲಿ. ಅಂದರೆ ಆರ್ಥರ್‌ಗೆ ತನ್ನ ಕಾಯಿಲೆಯ ಹೆಸರು ಗೊತ್ತು, ಮದ್ದು ಮಾತ್ರ ಇಲ್ಲ. ಡಾಕ್ಟರು ಹೇಳುವುದು ಬೆಚ್ಚಗಿರುವ ಒಣ ಊರಿಗೆ ಹೋಗು, ವಿಶ್ರಾಂತಿ ತಗೋ ಅಂತ. ಪೊಲೀಸರು, ಪಿಂಕರ್ಟನ್ ಪತ್ತೇದಾರರು ಬೆನ್ನು ಹತ್ತಿರುವವನಿಗೆ ಎಲ್ಲಿಯ ವಿಶ್ರಾಂತಿ?

ಆಮೇಲೆ ಎಷ್ಟು ತಿನ್ನಿಸಿದರೂ ಅವನ ಮೈ ತುಂಬುವುದಿಲ್ಲ. ಕಣ್ಣು ಕೆಂಪು, ಮುಖ ಬಿಳಿಚಿಕೊಂಡಿದೆ. ಬೇರೆ ಗೇಮುಗಳಲ್ಲಿ ಕೊನೆಗೆ ಬರುವಷ್ಟರಲ್ಲಿ ನಾಯಕನ ಶಕ್ತಿ ಏರಿರುತ್ತದೆ. ಇಲ್ಲಿ ಇಳಿಯುತ್ತದೆ. ಅಷ್ಟು ದಿನ ನಾನು ನೋಡಿಕೊಂಡ ಮನುಷ್ಯ ಕಣ್ಣೆದುರೇ ಸೊರಗುತ್ತಿದ್ದ. ಮಾಡಲು ಏನೂ ಇರಲಿಲ್ಲ. ಯಾವ ಗೇಮಿನಲ್ಲೂ ನನಗೆ ಅಷ್ಟು ಸಂಕಟ ಆಗಿರಲಿಲ್ಲ.

ಆರ್ಥರ್ ಬದಲಾಗುವುದು ಇಲ್ಲಿಂದ. ಸಾವು ಹತ್ತಿರ ಬಂದಾಗ ಒಳ್ಳೆಯವನಾದ, ಅದರಲ್ಲೇನು ದೊಡ್ಡಸ್ತಿಕೆ ಅಂತ ಕೆಲವರು ಕೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವನೊಳಗೆ ಮೊದಲಿನಿಂದಲೂ ಒಂದು ನೋವಿತ್ತು. ಬುಡಕಟ್ಟಿನ ಮುಖ್ಯಸ್ಥ ರೇನ್ಸ್ ಫಾಲ್ ಜೊತೆ ಕುದುರೆ ಮೇಲೆ ಹೋಗುವಾಗ ಅದನ್ನು ಹೇಳಿಕೊಳ್ಳುತ್ತಾನೆ. ಅವನಿಗೆ ಒಬ್ಬ ಮಗನಿದ್ದ, ಐಸಾಕ್. ಕೆಲವು ತಿಂಗಳಿಗೊಮ್ಮೆ ಹೋಗಿ ತಾಯಿ ಮಗುವನ್ನು ನೋಡಿ ಬರುತ್ತಿದ್ದ. ಒಂದು ದಿನ ಹೋದಾಗ ಮನೆ ಮುಂದೆ ಎರಡು ಶಿಲುಬೆಗಳಿದ್ದವು. ಹತ್ತು ಡಾಲರ್‌ಗೋಸ್ಕರ ಯಾರೋ ಕೊಂದು ಹೋಗಿದ್ದರು. ಕುದುರೆ ಓಡಿಸುವ ಗಮನದಲ್ಲಿ ಇದ್ದರೆ ಈ ಮಾತು ಕಿವಿಗೆ ಬೀಳದೆಯೂ ಹೋಗಬಹುದು. ಇದನ್ನು ಕೇಳಿದ ಮೇಲೆ ಗ್ಯಾಂಗಿನವನೇ ಆದ ಜಾನ್ ಮಾರ್‌ಸ್ಟನ್‌ನ ಮಗ ಪುಟ್ಟ ಜ್ಯಾಕ್‌ನನ್ನು ಮೀನು ಹಿಡಿಯಲು ಕರೆದುಕೊಂಡು ಹೋದದ್ದು, ಜ್ಯಾಕ್‌ನನ್ನು, ಅವನ ತಾಯಿ ಅಬಿಗೇಲ್‌ಳನ್ನು ನೋಡಿಕೋ ಅಂತ ಜಾನ್‌ಗೆ ಪದೇ ಪದೇ ಹೇಳುವುದು, ಎಲ್ಲಕ್ಕೂ ಬೇರೆಯೇ ಅರ್ಥ ಬರುತ್ತದೆ.

ರೈಲು ನಿಲ್ದಾಣದಲ್ಲಿ ಸಿಸ್ಟರ್ ಕಾಲ್ಡೆರೊನ್ ಅನ್ನುವ ಕ್ರೈಸ್ತ ಸನ್ಯಾಸಿನಿ ಜೊತೆಗಿನ ಮಾತುಕತೆ ನನಗೆ ಇಡೀ ಗೇಮಿನಲ್ಲೇ ದೊಡ್ಡದು. ಗುಡ್ಡದಂಥ ಆಳು, ಬೆಂಚಿನ ಮೇಲೆ ಕೂತು, ನನಗೆ ಭಯ ಆಗುತ್ತಿದೆ ಅಂತ ಒಪ್ಪಿಕೊಳ್ಳುತ್ತಾನೆ. ನಾಯಕನಿಗೆ ಸಾವಿನ ಭಯ ಇದೆ ಅಂತ ಇಷ್ಟು ಸರಳವಾಗಿ ಹೇಳಿಸಿದ ಗೇಮುಗಳು ಎಷ್ಟಿವೆ?

ಅವನ ಕೈಲಿ ಆಗುವುದು ಚಿಕ್ಕ ಚಿಕ್ಕ ಕೆಲಸ. ಸ್ಟ್ರಾಸ್‌ನನ್ನು ಕ್ಯಾಂಪಿನಿಂದ ಓಡಿಸುತ್ತಾನೆ. ಉಳಿದ ಸಾಲಗಾರರ ಬಾಕಿ ಬಿಟ್ಟುಬಿಡುತ್ತಾನೆ. ಡೌನ್ಸ್‌ನ ಹೆಂಡತಿ ಈಡಿತ್ ಹೊಟ್ಟೆಪಾಡಿಗೆ ಬೀದಿಗೆ ಬಿದ್ದಿದ್ದಾಳೆ, ಮಗ ಆರ್ಚಿ ಗಣಿ ಕೆಲಸಕ್ಕೆ ಸೇರಿದ್ದಾನೆ. ಅವರಿಗೆ ದುಡ್ಡು ಕೊಟ್ಟು ಬೇರೆ ಊರಿಗೆ ಕಳಿಸುತ್ತಾನೆ. ಕ್ಷಮೆ ಕೇಳುವುದಿಲ್ಲ, ಅದಕ್ಕೆ ತನಗೆ ಅರ್ಹತೆ ಇಲ್ಲ ಅಂತ ಅವನಿಗೆ ಗೊತ್ತು. ಸತ್ತ ಡೌನ್ಸ್ ತಿರುಗಿ ಬರುವುದಿಲ್ಲ. ಗೇಮು ಆ ಲೆಕ್ಕವನ್ನು ಎಲ್ಲೂ ಅಳಿಸಿ ಹಾಕುವುದಿಲ್ಲ. ನನ್ನ ಬೆರಳು ಒತ್ತಿದ ಬಟನ್‌ಗೆ ಇಷ್ಟು ದಿನದ ಮೇಲೂ ಉತ್ತರ ಕೊಡಬೇಕಾಗಿ ಬಂತಲ್ಲ, ಆರ್ಥರ್ ನನ್ನನ್ನು ಹಿಡಿದಿಟ್ಟಿದ್ದು ಅಲ್ಲೇ.

ಕೊನೆಗೆ ಎರಡು ದಾರಿ. ಬೆನ್ನು ಹತ್ತಿದವರಿಂದ ಜಾನ್‌ನನ್ನು ಪಾರು ಮಾಡುವುದು, ಇಲ್ಲವೇ ಗ್ಯಾಂಗಿನ ದುಡ್ಡಿಗಾಗಿ ವಾಪಸ್ ಹೋಗುವುದು. ನಾನು ಜಾನ್ ಜೊತೆ ಹೋದೆ. ದಾರಿಯಲ್ಲಿ ಕುದುರೆಗೆ ಗುಂಡು ಬೀಳುತ್ತದೆ. ಹಿಂದೆ ಅಷ್ಟೊಂದು ಜನ ಅಟ್ಟಿಸಿಕೊಂಡು ಬರುತ್ತಿದ್ದರೂ ಆರ್ಥರ್ ಕುದುರೆ ಪಕ್ಕ ಕೂತು ಥ್ಯಾಂಕ್ ಯೂ ಹೇಳುತ್ತಾನೆ. ದಿನಾ ಬ್ರಷ್ ಮಾಡಿ ಸಾಕಿದ ಕುದುರೆ ಅದು. ಅಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

ಜಾನ್ ಬದುಕುತ್ತಾನೆ. ಎಷ್ಟು ದಿನ? 2010ರಲ್ಲಿ ಬಂದ ಹಿಂದಿನ ಗೇಮು ಆಡಿದವರಿಗೆ ಗೊತ್ತು, 1911ರಲ್ಲಿ ಸರ್ಕಾರದವರು ಅವನನ್ನು ಅವನ ಮನೆ ಮುಂದೆಯೇ ಕೊಲ್ಲುತ್ತಾರೆ. ಆರ್ಥರ್ ಪ್ರಾಣ ಕೊಟ್ಟು ಉಳಿಸಿದ್ದು ಹನ್ನೆರಡು ವರ್ಷ. ಹಾಗಾದರೆ ಎಲ್ಲ ದಂಡ ಆಯಿತಲ್ಲ ಅಂತ ಒಬ್ಬ ಗೆಳೆಯ ನನ್ನ ಹತ್ತಿರ ವಾದ ಮಾಡಿದ. ಆ ಹನ್ನೆರಡು ವರ್ಷದಲ್ಲಿ ಜಾನ್ ಕೈಯಾರೆ ಮನೆ ಕಟ್ಟಿದ, ಅಬಿಗೇಲ್‌ಳನ್ನು ಮದುವೆಯಾದ. ಜ್ಯಾಕ್‌ಗೆ ಅಪ್ಪ ಸಿಕ್ಕಿದ. ಐಸಾಕ್‌ಗೆ ಅದು ಸಿಗಲಿಲ್ಲ. ನನ್ನ ಉತ್ತರ ಇಷ್ಟೇ ಆಗಿತ್ತು.

ಹೊಸದಾಗಿ ಆಡುವವರಿಗೆ ಒಂದು ಮಾತು. ಸ್ಟ್ರಾಸ್‌ನ ಉಳಿದ ಸಾಲಗಾರರು ಮತ್ತು ಈಡಿತ್‌ಳ ಮಿಷನ್‌ಗಳು ಆರನೇ ಅಧ್ಯಾಯದಲ್ಲಿ ಬರುತ್ತವೆ. ಮಾಡಲೇಬೇಕು ಅಂತ ಗೇಮು ಒತ್ತಾಯ ಮಾಡುವುದಿಲ್ಲ. ಮುಖ್ಯ ಕಥೆಯನ್ನು ಮುಗಿಸಿಬಿಟ್ಟರೆ ಮತ್ತೆ ಸಿಗುವುದಿಲ್ಲ. ನಕ್ಷೆಯಲ್ಲಿ ಮುಖ್ಯ ಕಥೆ ತೋರಿಸುವ ಹಳದಿ ಗುರುತಿನ ಹಿಂದೆ ಓಡುವ ಮೊದಲು ಅವನ್ನು ಮುಗಿಸಿಕೊಳ್ಳಿ.